ಶಾಮಿಯಾನದ ಮರಳು

ಮೊನ್ನೆ ಅತ್ತಿಗುಪ್ಪೆಯಲ್ಲಿ ಒಂದು ನಾಮಕರಣಕ್ಕೆ ಶಾಮಿಯಾನ ಹಾಕಲು ಹೋಗಿದ್ದೆ. ಒಳ್ಳೆಯ ಬಟ್ಟೆಗಳೆಲ್ಲ ಬೇರೆ ಕಡೆ ಹೋಗಿದ್ದವು. ಅಂಗಡಿಯ ಮೂಲೆಯಲ್ಲಿ ಬಹಳ ಕಾಲದಿಂದ ಬಿದ್ದಿದ್ದ ಒಂದನ್ನು ಗಾಡಿಗೆ ಹಾಕಿಕೊಂಡು ಹೋಗಿ, ರಸ್ತೆಯ ಮೇಲೆ ಎಳೆದು ಬಿಡಿಸಿದರೆ ಮಡಿಕೆಯೊಳಗಿಂದ ಮರಳು ಸುರಿಯಿತು. ಆಗತಾನೆ ರಂಗೋಲಿ ಹಾಕಿ ಎದ್ದು ನಿಂತಿದ್ದ ಮಗುವಿನ ಅಜ್ಜಿ ಮುಖ ಸಿಂಡರಿಸಿಕೊಂಡು, ಯಾವುದೋ ಕಟ್ಟಡದ ಕೆಲಸದ ಕಡೆಯಿಂದ ತಂದಿದ್ದೀರಾ ಎಂದರು. ಹೌದಮ್ಮ ಎಂದೆ. ಸುಳ್ಳು ನನ್ನ ಬಾಯಿಗೆ ಅಷ್ಟು ಸಲೀಸು. ಈಗಿನ ಕಟ್ಟಡಗಳಿಗೆ ಬರುವುದು ಕಲ್ಲು ಅರೆದ ಬೂದು ಪುಡಿ. ಇದು ನುಣುಪಾಗಿತ್ತು, ಬೆಳ್ಳಗಿತ್ತು, ನಡುನಡುವೆ ಚಿಪ್ಪಿನ ಚೂರು ಇತ್ತು. ವಿಜಯನಗರದ ಸುತ್ತಮುತ್ತ ಎಲ್ಲಿ ಅಗೆದರೂ ಇಂಥ ಮರಳು ಸಿಗುವುದಿಲ್ಲ.

ಬಟ್ಟೆಯ ಒಂದು ಮೂಲೆ ಹರಿದಿತ್ತು. ಹಗ್ಗ ಕಟ್ಟುವ ಕಣ್ಣೇ ಕಿತ್ತುಹೋಗಿತ್ತು. ಅದನ್ನು ಹಾಗೇ ಸುತ್ತಿಟ್ಟು, ಇನ್ನೊಂದು ಶಾಮಿಯಾನದ ಅಂಗಡಿಗೆ ಹೋಗಿ ಬೇರೆ ಬಟ್ಟೆ ಕೇಳಿ ತಂದೆ. ರಸ್ತೆಯ ಮೇಲಿನ ಮರಳನ್ನು ಅಜ್ಜಿಯೇ ಪೊರಕೆ ತಂದು ಮೋರಿಗೆ ಗುಡಿಸಿದರು. ನನಗೆ ಗುಡಿಸಲು ಕೈ ಬರಲಿಲ್ಲ.

ಶಾಮಿಯಾನದ ಕೆಲಸ ನೀವೆಲ್ಲ ನೋಡಿಯೇ ಇರುತ್ತೀರಿ. ನಿಮ್ಮ ರಸ್ತೆಗೂ ನಾವು ಬಂದಿರುತ್ತೇವೆ, ನೀವು ಬೈದಿರುತ್ತೀರಿ. ಬೆಂಗಳೂರಿನಲ್ಲಿ ಶಾಮಿಯಾನ ಹಾಕುವವನು ನೆಲವನ್ನು ನೋಡುವುದಿಲ್ಲ. ಟಾರು ರಸ್ತೆಗೆ ಗೂಟ ಹೊಡೆಯುವುದು ಹೇಗೆ? ಹಳೆಯ ಪೇಂಟು ಡಬ್ಬಕ್ಕೆ ಕಾಂಕ್ರೀಟು ತುಂಬಿ ಅದರಲ್ಲಿ ಕಂಬ ನಿಲ್ಲಿಸುತ್ತೇವೆ. ಆಮೇಲೆ ಹಗ್ಗ ಎಲ್ಲಿಗೆ ಕಟ್ಟಬಹುದು ಎಂದು ಕಣ್ಣಾಡಿಸುತ್ತೇವೆ. ಲೈಟು ಕಂಬ, ಗೇಟು, ಕಿಟಕಿಯ ಸರಳು, ಮೊದಲನೇ ಮಹಡಿಯ ಬಾಲ್ಕನಿ, ಬೇರೆ ಗತಿಯಿಲ್ಲದಿದ್ದರೆ ನಿಂತಿರುವ ಲಾರಿ. ಒಂದು ರಸ್ತೆಗೆ ಕಾಲಿಟ್ಟರೆ ಸಾಕು, ಎಲ್ಲೆಲ್ಲಿ ಕಟ್ಟಬಹುದು ಎನ್ನುವುದು ನನಗೆ ತಾನಾಗಿ ಹೊಳೆಯುತ್ತದೆ. ಬೆಳಿಗ್ಗೆ ಮದುವೆ ಮನೆಯ ಮುಂದಿದ್ದ ಬಟ್ಟೆಯನ್ನೇ ಸಂಜೆ ಸಾವಿನ ಮನೆಯ ಮುಂದೆ ಕಟ್ಟಿದ್ದೇನೆ. ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ಜೀವಮಾನವಿಡೀ ಊರಿಗೆ ನೆರಳು ಮಾಡಿದ್ದೇನೆ, ಆದರೆ ನೆಲಕ್ಕೆ ಒಂದು ಗೂಟವನ್ನೂ ಹೊಡೆದವನಲ್ಲ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಅಂಗಡಿ ಅಪ್ಪನದು. ಹರಿದ ಬಟ್ಟೆಗಳನ್ನು ಹೊಲಿಯುತ್ತಿದ್ದವಳು ನನ್ನ ಅಕ್ಕ ಗೌರಕ್ಕ. ದಬ್ಬಳ ಎಂದರೆ ಗೋಣಿಚೀಲ ಹೊಲಿಯುವ ದೊಡ್ಡ ಸೂಜಿ. ಅದಕ್ಕೆ ಹುರಿ ಪೋಣಿಸಿ, ಬಟ್ಟೆಯನ್ನು ಕಾಲಲ್ಲಿ ಒತ್ತಿ ಹಿಡಿದು ಹೊಲಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಬಟ್ಟೆಯ ಕೆಂಪು ಹಳದಿ ಪಟ್ಟಿಗಳ ಮೇಲೆ ಗೋಲಿ ಉರುಳಿಸುತ್ತಿದ್ದೆ. ಶಾಲೆಗೆ ಹೋಗಬೇಕಾದ ಹೊತ್ತಿನಲ್ಲೂ ಅಲ್ಲೇ ಇರುತ್ತಿದ್ದೆ. ಏಳನೇ ಕ್ಲಾಸಿನಲ್ಲಿ ಒಂದು ದಿನ ಮನೆಗೆ ಬಂದು, ಮೇಷ್ಟ್ರೇ ನನಗೆ ಇನ್ನು ಬರಬೇಡ ಅಂದರು, ನಿನಗೆ ಓದು ಹತ್ತುವುದಿಲ್ಲ, ಅಪ್ಪನ ಅಂಗಡಿ ನೋಡಿಕೋ ಅಂದರು ಎಂದು ಅತ್ತೆ. ಅಕ್ಕ ಹೊಲಿಗೆ ಬಿಟ್ಟು, ಸೆರಗು ಸಿಕ್ಕಿಸಿಕೊಂಡು, ಜಗಳಕ್ಕೇ ಶಾಲೆಗೆ ಹೋದಳು. ಮೇಷ್ಟ್ರು ಪಾಪ ಅಂಥ ಮಾತು ಆಡಿರಲೇ ಇಲ್ಲ. ಅವಳು ವಾಪಸು ಬಂದಾಗ ನಾನು ಮಂಚದ ಕೆಳಗಿದ್ದೆ. ಬೈಯಲಿಲ್ಲ. ದಬ್ಬಳ ಕೊಟ್ಟು, ಬಾ, ಇದನ್ನಾದರೂ ಕಲಿ ಎಂದಳು. ಮೇಷ್ಟ್ರು ಏನೆಂದರು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ನನ್ನ ಆಸೆಯನ್ನು ಬೇರೆಯವರ ಬಾಯಲ್ಲಿ ಹೇಳಿಸುವ ಚಾಳಿ ಅಲ್ಲಿಂದಲೇ ಬಂದದ್ದು. ಶಾಲೆ ಬಿಟ್ಟರೂ ಅದೊಂದು ಪಾಠ ಬಿಡಲಿಲ್ಲ.

ಅಕ್ಕ ಮದುವೆಯಾಗಿ ಕೆಂಗೇರಿಗೆ ಹೋದಳು. ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಬಟ್ಟೆ ನೋಡಿ ತಪ್ಪು ಹುಡುಕುವ ಕೆಲಸ. ಎಲ್ಲಿ ಒಂದು ನೂಲು ಎದ್ದಿದೆ, ಎಲ್ಲಿ ಗುಂಡಿ ಸೊಟ್ಟಗಿದೆ ಎನ್ನುವುದು ಅವಳ ಕಣ್ಣಿಗೆ ತಪ್ಪುತ್ತಿರಲಿಲ್ಲ. ಅಂಥವಳು ಬಾಗಿಲಿಗೆ ಹಾಯತೊಡಗಿದಳು. ಪಕ್ಕದಲ್ಲಿಟ್ಟ ಕಾಫಿ ಲೋಟಕ್ಕೆ ಕೈ ತಗುಲಿಸಿ ಚೆಲ್ಲತೊಡಗಿದಳು. ಹಬ್ಬಕ್ಕೆ ನಮ್ಮ ಮನೆಗೆ ಬಂದವಳು ಬೆಕ್ಕಿನ ಬಾಲ ತುಳಿದಾಗ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಕ್ಕವರಲ್ಲಿ ನಾನೇ ಮುಂದು. ಆಮೇಲೆ ಕಣ್ಣಿನ ಡಾಕ್ಟರು ಹೇಳಿದರು: ಪಕ್ಕದ ನೋಟ ಹೋಗಿದೆ, ನಡುವಿನದು ಒಂದು ಪೈಪಿನಷ್ಟು ಉಳಿದಿದೆ. ಒಳ್ಳೆಯ ಬಿಸಿಲಿದ್ದರೆ ಆ ಪೈಪಿನಲ್ಲಿ ದೂರದ್ದೂ ಚೆನ್ನಾಗಿಯೇ ಕಾಣುತ್ತದೆ. ಮಬ್ಬಿನಲ್ಲಿ ಏನೂ ಇಲ್ಲ. ಇಂದಲ್ಲ ನಾಳೆ ಪೈಪೂ ಮುಚ್ಚುತ್ತದೆ.

ಅಕ್ಕ ಅಳಲಿಲ್ಲ. ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ, "ಒಂದು ಸಲ ಸಮುದ್ರ ನೋಡ್ಬೇಕು ಕಣೋ ನಂಜೂ, ಬಿಸಿಲಲ್ಲಿ," ಎಂದಳು. "ಅದಕ್ಕೆ ಅಂಚೇ ಇಲ್ವಂತೆ. ನಂಗೂ ಅಂಚು ಕಾಣಲ್ಲ. ಇಬ್ರಿಗೂ ಸರಿಹೋಗತ್ತೆ."

ನೀರು ಎಂದರೆ ಅವಳು ನೋಡಿದ್ದು ಕೆಂಗೇರಿ ಕೆರೆ. ಅದೂ ನೊರೆ ಬರುವ ಕಾಲದ್ದು.

ದಸರಾ ರಜೆಯಲ್ಲಿ ಟಿಟಿ ಗಾಡಿ ಮಾಡಿಕೊಂಡು ಹೊರಟೆವು. ಅಕ್ಕ, ಭಾವ, ನಾನು, ನನ್ನ ಹೆಂಡತಿ. ಧರ್ಮಸ್ಥಳ ಮುಗಿಸಿ, ಬೆಳಿಗ್ಗೆ ಬೇಗ ಎದ್ದು ಕುಂದಾಪುರದ ಕಡೆಗೆ ಹೋಗುವುದು, ಸಮುದ್ರದ ದಡದಲ್ಲೇ ಬಿಡಾರ ಹಾಕಿ ಮಾರನೇ ದಿನದವರೆಗೆ ಇರುವುದು ಎಂದು ಮಾತಾಗಿತ್ತು. ಅಲ್ಲಿ ಬಾಡಿಗೆಗೆ ಟೆಂಟು ಸಿಗುತ್ತದಂತೆ ಎಂದು ಹೆಂಡತಿ ಹೇಳಿದಳು. ನನಗೆ ಅವಮಾನವಾಯಿತು. ಊರಿಗೆಲ್ಲ ಶಾಮಿಯಾನ ಕೊಡುವವನು ಟೆಂಟು ಬಾಡಿಗೆಗೆ ತರಬೇಕೇ? ನನ್ನ ಅಂಗಡಿಯ ಬಟ್ಟೆಯನ್ನೇ ಗಾಡಿಯ ಮೇಲೆ ಕಟ್ಟಿದೆ. ಕಾಂಕ್ರೀಟು ಡಬ್ಬಗಳನ್ನು ಮಾತ್ರ ಡ್ರೈವರು ಹತ್ತಿಸಲು ಬಿಡಲಿಲ್ಲ. ಘಾಟಿಯಲ್ಲಿ ಈ ಕಲ್ಲು ಹೊತ್ತು ಇಳಿಯಕ್ಕಾಗಲ್ಲ ಸಾರ್ ಎಂದ. ಇರಲಿ, ಅಲ್ಲಿ ಯಾವುದಕ್ಕಾದರೂ ಕಟ್ಟಿಕೊಳ್ಳೋಣ ಎಂದುಕೊಂಡೆ.

ನಾವು ಹೋದಾಗ ಮೋಡ ಕವಿದಿತ್ತು. ಮಳೆಯೂ ಅಲ್ಲ, ಬಿಸಿಲೂ ಅಲ್ಲ. ನಾಲ್ಕು ಹನಿ ಹಾಕುತ್ತದೆ, ನಿಲ್ಲುತ್ತದೆ, ಮತ್ತೆ ಹಾಕುತ್ತದೆ. ಸಮುದ್ರವೂ ಆಕಾಶವೂ ಒಂದೇ ಬಣ್ಣ. ನಮಗೇ ಎಲ್ಲಿ ನೀರು ಮುಗಿಯಿತು ಎನ್ನುವುದು ಗೊತ್ತಾಗುತ್ತಿರಲಿಲ್ಲ, ಇನ್ನು ಅವಳ ಪಾಡೇನು? ಪ್ಲಾಸ್ಟಿಕ್ ಕುರ್ಚಿ ಇಳಿಸಿ ಅಕ್ಕನನ್ನು ನೀರಿನ ಕಡೆಗೆ ಮುಖ ಮಾಡಿ ಕೂರಿಸಿದೆವು. ಶಬ್ದ ಜೋರಾಗಿದೆ ಎಂದಳು. ಏನಾದರೂ ಕಾಣುತ್ತದಾ ಎಂದು ಕೇಳಿದೆ. "ಬಿಸಿಲು ಬರ್ಲಿ ಬಿಡೋ. ಕಾಯೋಕೆ ತಾನೆ ಬಂದಿರೋದು," ಎಂದಳು.

ನಾನು ಬಿಡಾರ ಹಾಕಲು ನಿಂತೆ. ಮರಳಿನಲ್ಲಿ ಕಂಬ ನೆಟ್ಟರೆ ಅಲುಗಾಡುತ್ತದೆ, ಬಿಟ್ಟರೆ ಮಲಗುತ್ತದೆ. ಗೂಟ ಹೊಡೆಯುವುದು ನನಗೆ ಗೊತ್ತಿಲ್ಲ, ಗೂಟವನ್ನು ತಂದೂ ಇರಲಿಲ್ಲ. ಅಭ್ಯಾಸಬಲ, ಕಟ್ಟಲು ಏನಿದೆ ಎಂದು ಸುತ್ತ ನೋಡಿದೆ. ಒಂದು ಕಡೆ ಗಾಳಿಮರ ಇತ್ತು. ಇನ್ನೊಂದು ಕಡೆ ನಮ್ಮ ಟಿಟಿ ಗಾಡಿ. ಬಿಗಿಯಾಗಿ ಕಟ್ಟಿದೆ. ಹೊಳೆಯುವ ಕೆಂಪು ಹಳದಿ ಪಟ್ಟಿ, ಸುತ್ತ ಜಾಲರಿ. ಆ ಬೂದು ದಡದಲ್ಲಿ ಯಾರದೋ ಮದುವೆ ಇದ್ದ ಹಾಗೆ ಕಂಡಿತು. ಭಾವ ಚಾಪೆ ಹಾಸಿಕೊಂಡು ಕೂತರು. ಹೆಂಡತಿ ಚಿತ್ರಾನ್ನದ ಡಬರಿಯ ಮುಚ್ಚಳ ತೆಗೆದಳು.

ಹಗ್ಗ ಗಾಡಿಗೆ ಕಟ್ಟಿದ್ದೇನೆ ಎಂದು ಡ್ರೈವರಿಗೆ ಹೇಳುವುದನ್ನು ಮರೆತಿದ್ದೆ.

ಅವನು ಸೀಟಿನಲ್ಲಿ ಮಲಗಿದ್ದ. ಹನಿ ಜೋರಾದಾಗ ಎದ್ದು, ಚಕ್ರ ಮರಳಿನಲ್ಲಿ ಕೂರುತ್ತಿದೆ ಎಂದು ಗಾಡಿಯನ್ನು ರಸ್ತೆಯ ಕಡೆಗೆ ಎಳೆದ. ನಮ್ಮ ಶಾಮಿಯಾನವೂ ಅವನ ಹಿಂದೆ ಹೊರಟಿತು. ಕಂಬಗಳು ಒಂದೊಂದಾಗಿ ಮಲಗಿದವು, ಬಟ್ಟೆಯ ಮೂಲೆ ಪರ್ರೆಂದು ಹರಿಯಿತು, ಉಳಿದದ್ದೆಲ್ಲ ಭಾವನ ಮೇಲೆ ಬಿತ್ತು. ಒಳಗಿನಿಂದ ಚಿತ್ರಾನ್ನ ಮೆತ್ತಿದ ಒಂದು ಕೈ ಹೊರಗೆ ಬಂತು. ಆಮೇಲೆ ಭಾವನ ತಲೆ ಬಂತು. ಅವರು ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು, ಎಲ್ಲರಿಗೂ ಕೇಳುವಂತೆ ಮಾತನಾಡಿ ಅಭ್ಯಾಸ.

"ಏನ್ ನಂಜುಂಡ, ಊರೋರ ಹೆಣಕ್ಕೆಲ್ಲ ನೆರಳು ಮಾಡ್ತೀಯ, ಜೀವಂತ ಇರೋ ಭಾವನ ತಲೆ ಮೇಲೆ ಕೆಡವ್ತೀಯ," ಎಂದರು.

ಹೆಂಡತಿ ನಕ್ಕಳು. ಡ್ರೈವರನ ಮೇಲೆ ನಾನು ಕೂಗಾಡಿದೆ. ಗಾಡಿ ಇರೋದು ಓಡ್ಸಕ್ಕೆ ಸಾರ್, ಕಂಬ ಅಲ್ಲ ಎಂದು ಅವನೂ ಒಂದು ಕೊಟ್ಟ. ಇದೂ ಸಾಲದೆಂದು, ಸ್ವಲ್ಪ ದೂರದಲ್ಲಿ ಬಿಡಾರ ಹೂಡಿದ್ದ ಕಾಲೇಜು ಹುಡುಗರು ಓಡಿ ಬಂದರು. ಅವರ ಟೆಂಟು ಚೀಲದಿಂದ ತೆಗೆದರೆ ಕೊಡೆಯ ಹಾಗೆ ತಾನೇ ಬಿಚ್ಚಿಕೊಳ್ಳುವಂಥದು, ಅಲ್ಲಾಡದೆ ನಿಂತಿತ್ತು. ಒಬ್ಬ ನನ್ನ ಮುಖ ನೋಡಿ, "ಅಣ್ಣ, ನಾಗರಬಾವೀಲಿ ನಮ್ ರೋಡ್ ಗಣೇಶಂಗೆ ಪೆಂಡಾಲ್ ಹಾಕ್ದೋರು ನೀವೇ ಅಲ್ವಾ?" ಎಂದ.

ಅಷ್ಟು ದೂರ ಬಂದರೂ ನಾಗರಬಾವಿ ನನ್ನನ್ನು ಬಿಡಲಿಲ್ಲ ನೋಡಿ. ಹುಡುಗನೇನೋ ಒಳ್ಳೆಯವನು. ಆಂಟಿಯನ್ನು ನಮ್ಮ ಟೆಂಟಿನಲ್ಲಿ ಕೂರಿಸಿ, ಮೊಬೈಲಿನಲ್ಲಿ ಮಧ್ಯಾಹ್ನದ ಮೇಲೆ ಬಿಸಿಲು ಅಂತ ತೋರಿಸುತ್ತಿದೆ, ಅಲ್ಲಿಯವರೆಗೆ ನೆನೆಯುವುದು ಬೇಡ ಎಂದ. ಅವನ ಹಿಂದಿದ್ದ ಇನ್ನೊಬ್ಬ ಮೊಬೈಲನ್ನು ಹರಿದ ಶಾಮಿಯಾನದ ಕಡೆಗೆ ಹಿಡಿದಿದ್ದ. ವಿಡಿಯೋ ಮಾಡುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಮಾಡುತ್ತಿದ್ದಾನೆ ಎಂದೇ ನನಗೆ ಅನಿಸಿತು. ಇವರು ಊರಿಗೆ ಹೋಗಿ ಎಲ್ಲರಿಗೂ ತೋರಿಸುವವರೇ. ಬೇಡಪ್ಪ, ನಮ್ಮ ಅಕ್ಕನಿಗೆ ಬೇರೆಯವರ ಟೆಂಟು ಆಗುವುದಿಲ್ಲ ಎಂದುಬಿಟ್ಟೆ. ಅಕ್ಕ ಕುರ್ಚಿಯಲ್ಲಿ ತಲೆಯ ಮೇಲೆ ಟವೆಲ್ಲು ಹಾಕಿಕೊಂಡು ಕೂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ನನಗೆ ಅಲ್ಲಿಂದ ಹೋಗಬೇಕಿತ್ತು. ಅಷ್ಟೇ. ಆ ಹುಡುಗರ ಕಣ್ಣಿಂದ, ಭಾವನ ಬಾಯಿಂದ, ಆ ಹರಿದ ಬಟ್ಟೆಯಿಂದ ದೂರ ಹೋಗಬೇಕಿತ್ತು. ಆದರೆ ಅವಮಾನವಾಯಿತು, ಹೋಗೋಣ ಎಂದು ಹೇಗೆ ಹೇಳುವುದು? ಭಾವ ಮತ್ತು ಹೆಂಡತಿ ಗಾಡಿಯ ಆ ಕಡೆ ಡಬರಿ ತೊಳೆಯುತ್ತಿದ್ದರು. ಹುಡುಗರು ತಮ್ಮ ಟೆಂಟಿಗೆ ಹೋಗಿದ್ದರು. ದೂರದಲ್ಲಿ ತೆಂಗಿನ ಗರಿ ಮುಚ್ಚಿ ಬೋರಲು ಹಾಕಿದ್ದ ದೋಣಿಯೊಂದಿತ್ತು. ಅದರ ಹತ್ತಿರ ಒಂದು ನರಪಿಳ್ಳೆ ಇರಲಿಲ್ಲ. ನಾನು ಅಲ್ಲಿಯವರೆಗೆ ನಡೆದುಕೊಂಡು ಹೋದೆ, ದೋಣಿಗೆ ಕೈ ಆನಿಸಿ ಸ್ವಲ್ಪ ಹೊತ್ತು ನಿಂತೆ, ವಾಪಸು ಬಂದೆ. ಬರುವಾಗ ಗಾಬರಿಯ ಮುಖ ಮಾಡಿಕೊಂಡು ಬಂದೆ.

ಅಲ್ಲಿ ಒಬ್ಬ ಮೀನುಗಾರ ಸಿಕ್ಕಿದ್ದ, ದೊಡ್ಡ ಗಾಳಿ ಬರುತ್ತಿದೆಯಂತೆ, ಹೆಂಗಸರನ್ನು ಕರೆದುಕೊಂಡು ಈಗಲೇ ಹೊರಡಿ ಅಂದ ಎಂದೆ. ಭಾವ ನಂಬದ ಹಾಗೆ ನೋಡಿದರು. ಆಗ ಆ ಮೀನುಗಾರನಿಗೆ ಬಿಳಿ ಗಡ್ಡ ಬಂತು, ಕಿವಿಯಲ್ಲಿ ಕಡಕು ಬಂತು, ಹಿಂದೊಂದು ಗಾಳಿಯಲ್ಲಿ ಅವನ ಅಣ್ಣನ ದೋಣಿ ಹೋದ ಕಥೆಯೂ ಬಂತು. ಮೊಬೈಲಲ್ಲಿ ಬಿಸಿಲು ಅಂತಿದೆಯಲ್ಲ ಎಂದು ಹೆಂಡತಿ ಹೇಳಿದಳು. "ಮೊಬೈಲ್ ಮಾತು ನಂಬ್ತೀಯೋ, ಸಮುದ್ರದಲ್ಲೇ ಹುಟ್ದೋನ ಮಾತು ನಂಬ್ತೀಯೋ?" ಎಂದೆ. ಎಲ್ಲರೂ ಅವನನ್ನೇ ನಂಬಿದರು. ಅಷ್ಟು ಚೆನ್ನಾಗಿ ಮಾತನಾಡಿದ್ದ, ಇಲ್ಲದ ಮನುಷ್ಯ.

ಅಕ್ಕನ ಬಳಿ ಹೋಗಿ ಏಳಕ್ಕ ಎಂದೆ. ಅವಳು ನನ್ನ ಮುಖ ಎಲ್ಲಿದೆ ಎಂದು ಹುಡುಕಿಕೊಂಡು, ಅಲ್ಲಿ ದೃಷ್ಟಿ ನಿಲ್ಲಿಸಿ, "ಹೋಗ್ಲೇಬೇಕಾ?" ಎಂದಳು. ಹೂಂ ಎಂದೆ. ಎದ್ದಳು. ಅವಳ ಕೈ ಹಿಡಿದು ಗಾಡಿಯ ತನಕ ಕರೆದುಕೊಂಡು ಹೋದವನೂ ನಾನೇ. ಬಟ್ಟೆಯನ್ನು ಕೊಡವಲಿಲ್ಲ, ಒದ್ದೆ ಮರಳಿನ ಸಮೇತ ಸುತ್ತಿ ಮೇಲೆ ಎಸೆದೆ.

ಘಾಟಿ ಇನ್ನೂ ಸಿಕ್ಕಿರಲಿಲ್ಲ, ಬಿಸಿಲು ಬಂತು. ಎಂಥ ಬಿಸಿಲು ಎನ್ನುತ್ತೀರಿ, ತೊಳೆದ ಹಿತ್ತಾಳೆಯ ಹಾಗೆ. ರಸ್ತೆ, ಗದ್ದೆ, ಎಲೆ ಎಲ್ಲ ಹೊಳೆದವು. ಅಕ್ಕ ಕಿಟಕಿಯಿಂದ ಕೈ ಹೊರಗೆ ಚಾಚಿ ಅಂಗೈ ಮೇಲೆ ಮಾಡಿದಳು. ಡ್ರೈವರು ಗಾಡಿ ನಿಧಾನ ಮಾಡಿ, ಕ್ಲಿಯರ್ ಆಯ್ತಲ್ಲ ಸಾರ್, ತಿರುಗಿಸಲಾ ಎಂದು ಕೇಳಿದ. ಆಗಲಾದರೂ ಹೂಂ ಎಂದಿದ್ದರೆ, ಈ ಬರಹ ಬರೆಯುವ ಕೆಲಸ ನನಗಿರುತ್ತಿರಲಿಲ್ಲ. ತಿರುಗಿದರೆ ಹುಡುಗರು ಇನ್ನೂ ಅಲ್ಲೇ ಇರುತ್ತಾರೆ, ಬಿಸಿಲಲ್ಲಿ ಕಾಲು ಚಾಚಿಕೊಂಡು. ನಾನು ಹೇಳಿದ ಗಾಳಿ ಎಲ್ಲಿ ಎಂದು ಭಾವ ಕೇಳುತ್ತಾರೆ. "ದೊಡ್ಡ ಗಾಳಿಗೆ ಮುಂಚೆ ಹಿಂಗೇ ಮೋಸದ ಬಿಸಿಲು ಬರತ್ತಂತೆ. ಅವ್ನೇ ಹೇಳ್ದ," ಎಂದೆ.

ಗಾಡಿ ಮುಂದೆ ಹೋಯಿತು.

ಗಾಳಿ ಬರಲಿಲ್ಲ ಎಂದು ಯಾರೂ ನನ್ನನ್ನು ಹಿಡಿಯಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಟಿವಿಯಲ್ಲಿ ಎಲ್ಲೋ ಮಳೆಯೆಂದರು. ಭಾವ ಅದನ್ನೇ ಹಿಡಿದುಕೊಂಡು, ಆ ಮೀನುಗಾರ ಇಲ್ಲದಿದ್ದರೆ ನಮ್ಮ ಕಥೆ ಮುಗಿದಿತ್ತು ಎಂದು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾರೆ. ಅವನಿಗೆ ಕೈ ಮುಗಿಯಬೇಕು ಎನ್ನುತ್ತಾರೆ. ಪಕ್ಕದ ಮನೆಯವರು ಅಕ್ಕನನ್ನು ಸಮುದ್ರ ಹೇಗಿತ್ತು ಎಂದು ಕೇಳಿದರೆ, "ನಮ್ ಬಚ್ಚಲುಮನೆ ಗೋಡೆ ಥರಾನೇ ಇತ್ತು, ಒದ್ದೆ ಒದ್ದೆ," ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ಇನ್ನೊಮ್ಮೆ ಕರೆದುಕೊಂಡು ಹೋದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಬೇಸಿಗೆಗೆ ಎಂದೆ. ಬೇಸಿಗೆಯೆಂದರೆ ಮದುವೆ ಕಾಲ, ಶಾಮಿಯಾನಕ್ಕೆ ಬಿಡುವೆಲ್ಲಿ? ಆಮೇಲೆ ಮಳೆಗಾಲ. ಅಷ್ಟರಲ್ಲಿ ಪೈಪು ಮುಚ್ಚಿತು.

ಈಗ ಅವಳು ಬೆರಳಿನಿಂದ ತಡವಿಯೇ ಹೊಲಿಯುತ್ತಾಳೆ. ಸುಮ್ಮನೆ ಕೂತರೆ ತಲೆ ಕೆಡುತ್ತದೆ, ಹರಿದದ್ದು ಇದ್ದರೆ ತಂದು ಹಾಕು ಎನ್ನುತ್ತಾಳೆ. ನಾಮಕರಣದ ಮಾರನೇ ದಿನ ಆ ಬಟ್ಟೆಯನ್ನೇ ಆಟೋಗೆ ಹಾಕಿಕೊಂಡು ಕೆಂಗೇರಿಗೆ ಹೋದೆ. ಬೇರೆ ಯಾರಿಂದಲಾದರೂ ಹೊಲಿಸಬಹುದಿತ್ತು. ಅವಳ ಮುಂದೆ ಹಾಕಬೇಕು ಎನಿಸಿತು. ಭಾವ ಮನೆಯಲ್ಲಿರಲಿಲ್ಲ.

ಅಕ್ಕ ಬಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡು ಅಂಚು ತಡವುತ್ತಾ ಹೋದಳು. ಹರಿದ ಮೂಲೆ ಸಿಕ್ಕಿತು. ಅದರ ಪಕ್ಕದ ಮಡಿಕೆಯಲ್ಲಿ ಬೆರಳು ನಿಂತಿತು. ಒಂದು ಚಿಟಿಕೆ ಮರಳು ತೆಗೆದು ಅಂಗೈಯಲ್ಲಿ ಹಾಕಿಕೊಂಡು ಉಜ್ಜಿದಳು.

"ಅಲ್ಲೀದಾ?"

"ಹೂಂ. ಅಕ್ಕಾ, ಆವತ್ತು ಆ ಮೀನುಗಾರ ಹೇಳ್ದ ಅಂದ್ನಲ್ಲ..."

"ಯಾವ ಮೀನುಗಾರ?" ಎಂದಳು.

ಅವಳು ಮರಳನ್ನು ಅಂಗೈಯಲ್ಲಿ ಉಜ್ಜುತ್ತಲೇ ಇದ್ದಳು.

"ನೀನೊಬ್ನೇ ನಿಂತಿದ್ದೆ, ದೋಣಿಗೆ ಕೈ ಇಟ್ಕೊಂಡು. ಆವಾಗೊಂದು ಗಳಿಗೆ ಮೋಡ ಬಿಟ್ಟಿತ್ತು ಕಣೋ. ನಿನ್ ಷರ್ಟಿನ ಗೆರೆ ಕೂಡ ಕಾಣ್ತಾ ಇತ್ತು ನಂಗೆ."

ನಾನು ಆವತ್ತು ಸಮುದ್ರಕ್ಕೆ ಬೆನ್ನು ಹಾಕಿ ನಿಂತಿದ್ದೆ. ಬೆಳಕು ಬಂದದ್ದು ನನಗೆ ಗೊತ್ತೇ ಆಗಿರಲಿಲ್ಲ. ಆಗ ನೀನು ನೀರಿನ ಕಡೆ ತಿರುಗಬಾರದಿತ್ತಾ ಎಂದು ಕೇಳಿದೆ. ಎಂಥ ಪ್ರಶ್ನೆ.

"ನೀನು ಎಲ್ಲಿಗೆ ಹೋದೆ ಅಂತ ನೋಡ್ತಾ ಇದ್ದೆ," ಎಂದಳು. "ತಿರುಗೋ ಅಷ್ಟ್ರಲ್ಲಿ ಮತ್ತೆ ಮುಚ್ಕೊಂಡ್ತು."

ಮತ್ತೆ ಯಾಕೆ ಸುಮ್ಮನಿದ್ದೆ, ಅಲ್ಲೇ ಹೇಳಬಹುದಿತ್ತಲ್ಲ ಎಂದೆ. ನಿಮ್ಮ ಭಾವನ ಮುಂದೆಯಾ, ಆ ಹುಡುಗರ ಮುಂದೆಯಾ ಎಂದು ಕೇಳಿದಳು. ಆಮೇಲೆ ದನಿ ಏರಿಸದೆ, "ಇವಳಿಗೇನು ಕಾಣತ್ತೆ ಅಂದ್ಕೊಂಡೆ ಅಲ್ವಾ," ಎಂದಳು.

ಅದು ಪ್ರಶ್ನೆಯಾಗಿರಲಿಲ್ಲ. ಕ್ಷಮಿಸು ಎನ್ನುವ ಮಾತು ಬಾಯಿಗೆ ಬಂತು. ಅದನ್ನು ಕೇಳಿಸಿಕೊಳ್ಳುವ ಹಾಗೆ ಅವಳ ಮುಖ ಇರಲಿಲ್ಲ. ಕೈಯಲ್ಲಿದ್ದ ಮರಳನ್ನು ಅವಳು ಬಾಗಿಲ ಕಡೆಗೆ ಕೊಡವಿದಳು. ಪಕ್ಕದ ಡಬ್ಬಿ ತಡಕಿ ದಬ್ಬಳ ತೆಗೆದು ನನ್ನ ಕಡೆಗೆ ಹಿಡಿದಳು. ದಾರ ಪೋಣಿಸಿ ಕೊಡು ಎಂದಳು.

ನಡುಮನೆಯಲ್ಲಿ ಮಬ್ಬು. ನನ್ನ ಕಣ್ಣಿಗೂ ವಯಸ್ಸಾಗಿದೆ. ಹುರಿಯ ತುದಿಯನ್ನು ಎಂಜಲು ಮಾಡಿ ಹೊಸೆದು ತೂರಿಸಲು ನೋಡುತ್ತೇನೆ, ಆ ಕಡೆ ಹೋಗುತ್ತದೆ, ಈ ಕಡೆ ಹೋಗುತ್ತದೆ. ಅವಳು ಕೈ ಚಾಚಿಕೊಂಡು ಕಾದಳು.

"ಒಳಗೆ ಆಗಲ್ಲ, ಆಚೆ ಹೋಗು," ಎಂದಳು. "ಇವತ್ತು ಬಿಸಿಲಿದೆಯಲ್ಲ."

ದಬ್ಬಳ ಹಿಡಿದು ಹೊಸಿಲು ದಾಟಿದೆ. ಕಣ್ಣು ಕುಕ್ಕುವ ಬಿಸಿಲು. ದಾರ ಮೊದಲ ಸಲಕ್ಕೇ ಹೋಯಿತು.